ಬಿಕ್ಕಲಂ

ಹಳೆಯ ಕ್ರಯಪತ್ರಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಬರೆಸಿಕೊಟ್ಟವರ ಸಹಿ, ಸಾಕ್ಷಿಗಳ ಸಹಿ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಅದರ ಮುಂದೆ ಒಂದು ಹೆಸರಿರುತ್ತದೆ. ಕಲಂ ಎಂದರೆ ಲೇಖನಿ. ಈ ಪತ್ರ ಇಂಥವರ ಲೇಖನಿಯಿಂದ ಬರೆದದ್ದು ಎಂದು ಅದರ ಅರ್ಥ. ಸಾಗರ ತಾಲೂಕಿನ ಎಷ್ಟೋ ಮನೆಗಳ ಕಬ್ಬಿಣದ ಪೆಟ್ಟಿಗೆಗಳಲ್ಲಿ ಇವತ್ತಿಗೂ ಭದ್ರವಾಗಿರುವ ಪತ್ರಗಳಲ್ಲಿ ಆ ಜಾಗದಲ್ಲಿ ನನ್ನ ಅಪ್ಪಯ್ಯನ ಹೆಸರಿದೆ.

ಅಂಥವರ ಮಗನಾದ ನನ್ನ ಅಕ್ಷರ ಮಾತ್ರ ಕಾಗೆ ಕಾಲು, ಗುಬ್ಬಿ ಕಾಲು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಎಲ್ಲರಿಗೂ ಎತ್ತಿ ತೋರಿಸಿ, ‘ಶಾನುಭೋಗರ ಮನೇಲಿ ಕೋಳಿ ಸಾಕಿದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ’ ಅಂದಿದ್ದರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಮನೆಗೆ ಹೋಗಿ ಯಾರಿಗೂ ಹೇಳಲಿಲ್ಲ.

ಈಗ ನನಗೆ ಅರವತ್ತು ದಾಟಿದೆ. ಮೂವತ್ತಾರು ವರ್ಷ ಮುಂಬಯಿಯಲ್ಲಿ ಬ್ಯಾಂಕಿನ ಕೆಲಸ ಮಾಡಿ 2020ರಲ್ಲಿ ನಿವೃತ್ತನಾದೆ. ಸಹಿ ಮತ್ತು ಪೋಸ್ಟಾಫೀಸಿನ ಫಾರಮ್ಮು ಬಿಟ್ಟರೆ ಕೈಯಲ್ಲಿ ಒಂದು ಪೂರ್ತಿ ಪುಟ ಬರೆದು ಇಪ್ಪತ್ತು ವರ್ಷಗಳಾದವು. ಈ ಲೇಖನವನ್ನೂ ಕೀಲಿಮಣೆಯಲ್ಲೇ ಕುಟ್ಟುತ್ತಿದ್ದೇನೆ. ಪೆನ್ನೋ ಕೀಲಿಮಣೆಯೋ ಎಂದು ಯಾರಾದರೂ ಕೇಳಿದರೆ ಕೀಲಿಮಣೆ ಎಂದು ಯೋಚಿಸದೆ ಹೇಳುತ್ತೇನೆ. ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ. ಆದರೆ ಈ ಲೆಕ್ಕದಲ್ಲಿ ಅಪ್ಪಯ್ಯನ ಹೆಸರಿನಲ್ಲಿ ಒಂದು ಬಾಕಿ ಉಳಿದುಕೊಂಡಿದೆ.

ಅಪ್ಪಯ್ಯ ಶಾನುಭೋಗಿಕೆ ಮಾಡುತ್ತಿದ್ದವರು. ನಮ್ಮಜ್ಜನೂ ಅದನ್ನೇ ಮಾಡುತ್ತಿದ್ದರು. ವಂಶಪಾರಂಪರ್ಯವಾಗಿ ಬಂದ ಪಟೇಲ, ಶಾನುಭೋಗರ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ 1961ರಲ್ಲಿ ಆಗಿ, 1963ರಲ್ಲಿ ಜಾರಿಗೆ ಬಂತು. ಒಂದೇ ಮನೆತನದವರು ಊರಿನ ಲೆಕ್ಕವನ್ನೆಲ್ಲ ಕೈಯಲ್ಲಿ ಹಿಡಿದಿರುವುದು ಸರಿಯಲ್ಲ ಎಂಬುದು ನ್ಯಾಯವಾದ ಮಾತೇ. ನಾನು ಅದನ್ನು ಒಪ್ಪುತ್ತೇನೆ. ಆದರೆ ಮೂವತ್ತೆಂಟು ವರ್ಷದ ಅಪ್ಪಯ್ಯನಿಗೆ ಆಗ ಉಳಿದದ್ದು ಅರ್ಧ ಎಕರೆ ಅಡಿಕೆ ತೋಟ ಮತ್ತು ಒಳ್ಳೆಯ ಅಕ್ಷರ, ಅಷ್ಟೇ. ಆ ಅಕ್ಷರವನ್ನೇ ನಂಬಿಕೊಂಡು ಸಾಗರದ ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಇಳಿಜಾರಿನ ಒಂದು ಡೆಸ್ಕು ಹಾಕಿಕೊಂಡು ಕೂತರು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಹೀಗೆ ಯಾರಿಗೆ ಏನು ಬೇಕೋ ಅದನ್ನು ಬರೆದುಕೊಡುವುದು. ಜನ ಅವರನ್ನು ‘ಬಾಂಡ್ ರೈಟರ್’ ಎಂದು ಕರೆಯತೊಡಗಿದರು. ಛಾಪಾ ಕಾಗದದ ಮೇಲೆ ಅವರು ಚೆಕ್ಕುಬಂದಿ ಬರೆಯುವುದನ್ನು ನೋಡಬೇಕಿತ್ತು. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ ಎಂದು ಬರೆಯುತ್ತ ಹೋದರೆ ಒಂದು ಅಕ್ಷರ ಮೇಲಿಲ್ಲ, ಒಂದು ಕೆಳಗಿಲ್ಲ. ತಿದ್ದು ಬಿದ್ದರೆ ಪತ್ರ ಕೆಟ್ಟಂತೆ. ಅವರ ಕೈಯಲ್ಲಿ ಪತ್ರ ಕೆಟ್ಟದ್ದನ್ನು ನಾನು ಕಂಡಿಲ್ಲ.

1978ರಲ್ಲಿ ನಾನು ಪಿಯುಸಿ ಮುಗಿಸಿದೆ. ಆ ಕಾಲದಲ್ಲಿ ಪೇಟೆಯ ಹುಡುಗರು ಬೇಸಿಗೆ ರಜೆಯಲ್ಲಿ ಮಾಡುತ್ತಿದ್ದ ಕೆಲಸ ಒಂದೇ, ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರುವುದು. ಅಂಗಡಿ ಸಾಲಿನ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಹತ್ತು ಹನ್ನೆರಡು ಮಷೀನು, ಗೋಡೆಗೆ ಒಂದು ಗಡಿಯಾರ. ಹುಡುಗರೂ ಹುಡುಗಿಯರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದ ಜಾಗ ನಮ್ಮೂರಲ್ಲಿ ಅದೊಂದೇ ಆಗಿತ್ತು ಅನ್ನುವುದನ್ನೂ ಇತಿಹಾಸದ ದೃಷ್ಟಿಯಿಂದ ಇಲ್ಲಿ ದಾಖಲಿಸಬೇಕು. ನಾನು ಮನೆಯಲ್ಲಿ ಹೇಳದೆ ಸೇರಿಕೊಂಡೆ. ತಿಂಗಳಿಗೆ ಹತ್ತು ರೂಪಾಯಿ ಫೀಸು. ಅಮ್ಮ ತುಪ್ಪ ಮಾರಿದ ದುಡ್ಡಿನಲ್ಲಿ ಕೊಟ್ಟಳು.

ಮೊದಲ ಪಾಠ ‘ಎ ಎಸ್ ಡಿ ಎಫ್ ಜಿ ಎಫ್’. ಎಡಗೈಯ ಕಿರುಬೆರಳಿನಿಂದ ಶುರು. ಒಂದು ವಾರ ಅದನ್ನೇ ಹೊಡೆಯಬೇಕು. ಕೀಲಿ ನೋಡಬಾರದು. ನೋಡಿದರೆ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಕೈಯ ಮೇಲೊಂದು ಕರವಸ್ತ್ರ ಹಾಸಿಬಿಡುತ್ತಿದ್ದರು. ಕಿರುಬೆರಳಿಗೆ ‘ಎ’ ಒತ್ತುವ ಶಕ್ತಿ ಬರುವ ಹೊತ್ತಿಗೆ ಬೆರಳೆಲ್ಲ ನೋವು. ಸಾಲು ಮುಗಿಯುವ ಮೊದಲು ಟಿಣ್ ಎಂದು ಗಂಟೆ ಬಾರಿಸಿದ ಕೂಡಲೇ ಎಡಗಡೆಯ ಲಿವರು ತಳ್ಳಬೇಕು. ಹತ್ತು ಮಷೀನು ಒಟ್ಟಿಗೆ ಕುಟ್ಟಿದರೆ ತಗಡಿನ ಮಾಡಿನ ಮೇಲೆ ಮಲೆನಾಡಿನ ಮಳೆ ಬಿದ್ದ ಹಾಗೆ. ಮೂರನೆಯ ತಿಂಗಳಲ್ಲಿ ನಾನು ಒಂದು ಪುಟ ತಪ್ಪಿಲ್ಲದೆ ಟೈಪು ಮಾಡಿ ಹಾಳೆ ತೆಗೆದು ನೋಡಿದೆ. ಅದು ನನ್ನ ಕೈಯಿಂದಲೇ ಬಂದದ್ದು. ಆದರೂ ಚೆನ್ನಾಗಿತ್ತು! ಬದುಕಿನಲ್ಲಿ ಮೊದಲ ಸಲ ನಾನು ‘ಬರೆದ’ ಹಾಳೆಯನ್ನು ಇನ್ನೊಬ್ಬರಿಗೆ ತೋರಿಸಬೇಕು ಅನ್ನಿಸಿತು.

ಈ ಕೀಲಿಗಳ ಸಾಲು ಎಲ್ಲಿಂದ ಬಂತು ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಮಿಲ್ವಾಕಿ ಪಟ್ಟಣದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಎಂಬಾತ ಗೆಳೆಯರೊಂದಿಗೆ ಸೇರಿ ಮಾಡಿದ ಯಂತ್ರವನ್ನು ಬಂದೂಕು, ಹೊಲಿಗೆ ಯಂತ್ರಗಳ ತಯಾರಕರಾದ ರೆಮಿಂಗ್ಟನ್ ಕಂಪನಿಯವರು 1874ರಲ್ಲಿ ಮಾರಾಟಕ್ಕೆ ತಂದರು. ಮೊದಲ ಯಂತ್ರದಲ್ಲಿ ಬರೀ ದೊಡ್ಡಕ್ಷರ. ಚಿಕ್ಕಕ್ಷರವೂ ಶಿಫ್ಟ್ ಕೀಲಿಯೂ 1878ರ ಎರಡನೆಯ ಮಾದರಿಯಲ್ಲಿ ಬಂದವು. ‘ಕ್ಯೂ ಡಬ್ಲ್ಯೂ ಇ ಆರ್ ಟಿ ವೈ’ ಎಂಬ ವಿಚಿತ್ರ ಜೋಡಣೆ ಯಾಕೆ ಎಂಬುದಕ್ಕೆ ಹಲವು ಕತೆಗಳಿವೆ. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳದಿರಲಿ ಎಂದು ಹಾಗೆ ಮಾಡಿದರು ಎಂಬುದು ಹೆಚ್ಚು ಪ್ರಚಾರದಲ್ಲಿರುವ ಕತೆ. ತಂತಿ ಕಚೇರಿಯವರ ಅನುಕೂಲಕ್ಕೆ ತಕ್ಕಂತೆ ಅದು ಬೆಳೆಯಿತು ಎನ್ನುವ ಇತಿಹಾಸಕಾರರೂ ಇದ್ದಾರೆ. ಹತ್ತೂ ಬೆರಳಿನಿಂದ ಕೀಲಿ ನೋಡದೆ ಟೈಪು ಮಾಡುವ ಕ್ರಮ ಗೆದ್ದದ್ದು 1888ರಲ್ಲಿ. ಸಿನ್ಸಿನ್ನಾಟಿ ನಗರದಲ್ಲಿ ನಡೆದ ಒಂದು ಪಂದ್ಯದಲ್ಲಿ ಫ್ರಾಂಕ್ ಮೆಕ್‌ಗರಿನ್ ಎಂಬ ಕೋರ್ಟಿನ ಶೀಘ್ರಲಿಪಿಕಾರ ಹಾಗೆ ಹೊಡೆದು ಎದುರಾಳಿಯನ್ನು ಸೋಲಿಸಿದ. ಸಾಗರದ ಮೇಷ್ಟ್ರು ನಮ್ಮ ಕೈಮೇಲೆ ಕರವಸ್ತ್ರ ಹಾಸುತ್ತಿದ್ದದ್ದು ಆ ಪುಣ್ಯಾತ್ಮನ ದೆಸೆಯಿಂದ.

ಇನ್‌ಸ್ಟಿಟ್ಯೂಟಿನ ಮೂಲೆಯಲ್ಲಿ ಕನ್ನಡದ ಮಷೀನೂ ಒಂದಿತ್ತು. ಕನ್ನಡ ಟೈಪ್‌ರೈಟರಿನ ಕೀಲಿಮಣೆಯನ್ನು ಅನಂತ ಸುಬ್ಬರಾಯರು ರೂಪಿಸಿದ್ದರು. ಐವತ್ತರಷ್ಟು ಅಕ್ಷರ, ಅದಕ್ಕೆ ಕಾಗುಣಿತ, ಅದರ ಮೇಲೆ ಒತ್ತಕ್ಷರ, ಇಷ್ಟನ್ನೂ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಕ್ಕಾಗಿ ಹುಟ್ಟಿದ ಯಂತ್ರದೊಳಗೆ ತುರುಕುವುದೆಂದರೆ ಸಣ್ಣ ಕೆಲಸವಲ್ಲ. ಅಕ್ಷರಗಳನ್ನು ತುಂಡು ತುಂಡಾಗಿ ಜೋಡಿಸಬೇಕು. ನಾನು ಅದರ ಹತ್ತಿರ ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಕೆಲಸ, ಕೆಲಸ ಇದ್ದದ್ದು ಇಂಗ್ಲಿಷಿನಲ್ಲಿ. ಜೂನಿಯರ್ ಪರೀಕ್ಷೆಗೆ ನಿಮಿಷಕ್ಕೆ 30 ಪದ, ಸೀನಿಯರಿಗೆ 45. ಐದು ಸಲ ಕೀಲಿ ಒತ್ತಿದರೆ ಒಂದು ಪದ ಎಂದು ಲೆಕ್ಕ. ಹತ್ತು ನಿಮಿಷದಲ್ಲಿ 1500 ಸಲ ಬೆರಳು ಬೀಳಬೇಕು.

ಗುಟ್ಟು ರಟ್ಟಾದದ್ದು ರಿಬ್ಬನ್ನಿನಿಂದ. ರಿಬ್ಬನ್ ಬದಲಿಸಿ ಬಂದ ದಿನ ಊಟಕ್ಕೆ ಕೂತಾಗ ಅಪ್ಪಯ್ಯ ನನ್ನ ಬೆರಳು ನೋಡಿದರು. ಅವರ ಬೆರಳಲ್ಲಿ ನೀಲಿ ಶಾಯಿ, ನನ್ನ ಬೆರಳಲ್ಲಿ ಕಪ್ಪು.

‘ಎಂತದೋ ಅದು?’

‘ಟೈಪಿಂಗಿಗೆ ಹೋಗ್ತಿದೀನಿ ಅಪ್ಪಯ್ಯ.’

ತಾಲೂಕು ಕಚೇರಿಯ ಎದುರು ಆಗಲೇ ಇಬ್ಬರು ಮಷೀನು ಇಟ್ಟುಕೊಂಡು ಅರ್ಜಿ ಹೊಡೆದುಕೊಡುತ್ತಿದ್ದರು. ಪತ್ರಗಳೂ ಇವತ್ತಲ್ಲ ನಾಳೆ ಅವರ ಕಡೆ ಹೋಗುತ್ತವೆ ಎಂಬುದು ಅಪ್ಪಯ್ಯನಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಹೊಟ್ಟೆ ಮೇಲೆ ಹೊಡೆಯೋ ಮಷೀನಿಗೆ ನಮ್ಮನೆ ತುಪ್ಪದ ದುಡ್ಡು’ ಅಂದರು. ಮಜ್ಜಿಗೆ ಅನ್ನ ಉಂಡು ಕೈ ತೊಳೆದು ಬಂದವರು, ‘ಮುಂದಿನ ತಿಂಗಳಿಂದ ಫೀಸು ನನ್ನ ಹತ್ರ ಇಸ್ಕೊ. ಕಲಿಯದಿದ್ರೆ ಸರಿಯಾಗಿ ಕಲಿ’ ಎಂದು ಒಳಗೆ ಹೋದರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಬಿ.ಕಾಂ. ಆಯಿತು, ಮೈಸೂರಿನಲ್ಲಿ ಎಂ.ಕಾಂ. ಆಯಿತು. 1984ರಲ್ಲಿ ಮಾಟುಂಗಾದಲ್ಲಿದ್ದ ಸೋದರಮಾವ ಪತ್ರಿಕೆಯ ಜಾಹೀರಾತು ಕತ್ತರಿಸಿ ಕಳಿಸಿದರು. ಬ್ಯಾಂಕಿಗೆ ಟೈಪಿಸ್ಟರು ಬೇಕಾಗಿದ್ದಾರೆ. ನನಗೆ ಕೆಲಸ ಕೊಡಿಸಿದ್ದು ಎಂ.ಕಾಂ. ಅಲ್ಲ, ನಿಮಿಷಕ್ಕೆ 45 ಪದ.

ಮುಂಬಯಿಗೆ ಬಂದ ಮೇಲೆ ಗೊತ್ತಾಯಿತು, ಈ ದಾರಿಯಲ್ಲಿ ಬಂದವನು ನಾನೊಬ್ಬನೇ ಅಲ್ಲ. ನನಗಿಂತ ಎರಡು ತಲೆಮಾರು ಮೊದಲೇ ದಕ್ಷಿಣದ ಹುಡುಗರು ಟೈಪಿಂಗ್, ಶಾರ್ಟ್‌ಹ್ಯಾಂಡ್ ಸರ್ಟಿಫಿಕೇಟುಗಳನ್ನು ಟ್ರಂಕಿನ ತಳದಲ್ಲಿಟ್ಟುಕೊಂಡು ಈ ಊರಿಗೆ ಬರುತ್ತಿದ್ದರು. ಕರಾವಳಿಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು ಆಫೀಸು ಸೇರುತ್ತಿದ್ದರು. ಲೋಟ ತೊಳೆಯುವ ಕೈ ಟೈಪ್‌ರೈಟರಿನ ಮೇಲೆ ಕೂತರೆ ಆ ಮನೆತನದ ದಿಕ್ಕೇ ಬದಲಾಗುತ್ತಿತ್ತು. ಇದು ಸ್ಥಳೀಯರ ಕಣ್ಣಿಗೂ ಬಿದ್ದಿತ್ತು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟು ತಿರುಗಿದ್ದು ದಕ್ಷಿಣದಿಂದ ಬಂದ ಗುಮಾಸ್ತರು, ಸ್ಟೆನೋಗಳು, ಹೋಟೆಲಿನವರ ಮೇಲೆ. ನಾನು ಬರುವ ಹೊತ್ತಿಗೆ ಆ ಕಾವು ಇಳಿದಿತ್ತು. ಆದರೂ ಸೋದರಮಾವ ಮೊದಲ ದಿನವೇ ಹೇಳಿದರು, ‘ಕೆಲಸ ಮಾತ್ರ ತಪ್ಪಿಲ್ಲದ ಹಾಗೆ ಮಾಡು ಮಾರಾಯಾ. ನಮ್ಮನ್ನ ಇಲ್ಲಿ ಇಟ್ಕೊಂಡಿರೋದು ಅದಕ್ಕೇ.’

ಆ ಮಾತನ್ನು ನಾನು ಬೇಗನೇ ಮುರಿದೆ. ಆಗ ಬ್ಯಾಂಕಿನ ಲೆಡ್ಜರುಗಳೆಲ್ಲ ಕೈಬರಹದಲ್ಲಿ. ನಮ್ಮ ಶಾಖೆಯಲ್ಲಿ ಒಬ್ಬ ಕ್ಲರ್ಕು ರಜೆ ಹೋದಾಗ ಒಂದು ವಾರ ನನ್ನನ್ನು ಸೇವಿಂಗ್ಸ್ ಲೆಡ್ಜರಿಗೆ ಕೂರಿಸಿದರು. ತಿಂಗಳ ಕೊನೆಗೆ ಬ್ಯಾಲೆನ್ಸಿಂಗ್ ಮಾಡುವಾಗ 600 ರೂಪಾಯಿ ತಾಳೆಯಾಗಲಿಲ್ಲ. ಮೂರು ರಾತ್ರಿ ನಾಲ್ಕು ಜನ ಕೂತು ಲೆಡ್ಜರುಗಳನ್ನು ಜಾಲಾಡಿದೆವು. ಕೊನೆಗೆ ಸಿಕ್ಕಿತು. ನೂರರ ಸ್ಥಾನದಲ್ಲಿ ನಾನು ಬರೆದಿದ್ದ ಒಂದನ್ನು ಇನ್ನೊಬ್ಬರು ಏಳು ಎಂದು ಓದಿ ಮುಂದಿನ ಪುಟಕ್ಕೆ ಒಯ್ದಿದ್ದರು. ಮೆಮೊ ಬಂತು. ‘ಕೈಬರಹ ಸುಧಾರಿಸಿಕೊಳ್ಳತಕ್ಕದ್ದು’ ಎಂದಿದ್ದ ಆ ಮೆಮೊವನ್ನು ನನ್ನ ಕೈಯಲ್ಲೇ ಟೈಪು ಮಾಡಿಸಿದರು. ಅದರಲ್ಲಿ ಒಂದೂ ತಪ್ಪಿರಲಿಲ್ಲ!

ಊರಿಗೆ ಕಾಗದ ಬರೆಯುವುದೇ ದೊಡ್ಡ ಕಷ್ಟವಾಯಿತು. ಬ್ಯಾಂಕಿನಲ್ಲಿ ಇಡೀ ದಿನ ಇಂಗ್ಲಿಷು ಕುಟ್ಟಿ, ರಾತ್ರಿ ಇನ್‌ಲ್ಯಾಂಡ್ ಲೆಟರ್ ಬಿಚ್ಚಿ ಕೂತರೆ ಕನ್ನಡದ ಅಕ್ಷರಗಳು ಕೈಗೆ ಬರುತ್ತಿರಲಿಲ್ಲ. ಮೊದಲೇ ಕಾಗೆ ಕಾಲು, ಈಗ ಆ ಕಾಗೆ ಕುಂಟಲೂ ಶುರುಮಾಡಿತ್ತು. ಅಪ್ಪಯ್ಯ ಪ್ರತಿ ಕಾಗದಕ್ಕೂ, ‘ನಿನ್ನ ಪತ್ರ ತಲುಪಿತು, ನಾಲ್ಕನೆಯ ಸಾಲು ತಿಳಿಯಲಿಲ್ಲ’ ಎಂದು ಉತ್ತರ ಬರೆಯುತ್ತಿದ್ದರು. 1985ರಲ್ಲಿ ನನಗೊಂದು ಉಪಾಯ ಹೊಳೆಯಿತು. ಆಫೀಸು ಮುಗಿದ ಮೇಲೆ ಉಳಿದುಕೊಂಡು ಒಂದಿಡೀ ಪುಟ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿ ಕಳಿಸಿದೆ. ಎಷ್ಟು ಸರಾಗ! ಕೈಯಲ್ಲಾಗಿದ್ದರೆ ಐದು ಸಾಲಿಗೆ ಮುಗಿಸುತ್ತಿದ್ದವನು ಬಾಡಿಗೆ ರೂಮು, ಲೋಕಲ್ ಟ್ರೇನು, ಮಾವನ ಮನೆಯ ಊಟ ಎಲ್ಲವನ್ನೂ ಬರೆದಿದ್ದೆ.

ಅಪ್ಪಯ್ಯನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಾಗದ ಹಿಡಿದುಕೊಂಡು ಪೋಸ್ಟ್ ಮಾಸ್ಟರ ಹತ್ತಿರ ಹೋಗಿ ಓದಿಸಿದರಂತೆ. ಊರಿನ ಕಾಗದಪತ್ರವನ್ನೆಲ್ಲ ಓದಿ ಹೇಳುತ್ತಿದ್ದವರು ಮಗನ ಕಾಗದವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದರು. ಬಂದ ಉತ್ತರದಲ್ಲಿ ಇದ್ದದ್ದು ಎರಡೇ ಮಾತು. ‘ಬರೆದರೆ ಕನ್ನಡದಲ್ಲಿ ಬರಿ. ಕಾಗೆ ಕಾಲಾದರೂ ಅಡ್ಡಿಯಿಲ್ಲ.’

ನಾನು ಮತ್ತೆ ಕೈಯಲ್ಲಿ ಬರೆದೆ, ಆದರೆ ಕಡಿಮೆ ಬರೆದೆ. ತಿಂಗಳಿಗೊಂದು ಇದ್ದದ್ದು ಎರಡು ತಿಂಗಳಿಗೊಂದಾಯಿತು. ಆಮೇಲೆ ಊರಿಗೆ ಎಸ್‌ಟಿಡಿ ಬೂತು ಬಂತು. ಪೆನ್ನು ಹಿಡಿಯುವುದು ತಪ್ಪಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಅಪ್ಪಯ್ಯ ಮಾತ್ರ 1996ರವರೆಗೂ ಬರೆಯುತ್ತಲೇ ಇದ್ದರು.

ಆ ದಿನಗಳಲ್ಲಿ ವೀ.ಟಿ. ಸ್ಟೇಷನ್ನಿನ ಹತ್ತಿರ ಜನರಲ್ ಪೋಸ್ಟಾಫೀಸಿನ ಎದುರು, ಪಾರಿವಾಳಗಳಿಗೆ ಕಾಳು ಹಾಕುವ ಜಾಗದ ಪಕ್ಕ, ಕಾಗದ ಬರೆದುಕೊಡುವವರ ಒಂದು ಸಾಲು ಕೂತಿರುತ್ತಿತ್ತು. ಓದು ಬರಹ ಬಾರದ ಕೂಲಿಗಳು, ಮನೆಗೆಲಸದವರು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು ಸುದ್ದಿ ಹೇಳುವರು. ಅವರು ಬರೆದು, ಮನಿಯಾರ್ಡರ್ ಫಾರಮ್ಮು ತುಂಬಿಸಿ ಕೊಡುವರು. ಲೋಕಲ್ ಹಿಡಿಯಲು ಓಡುವಾಗ ನಾನು ಅವರನ್ನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದೆ. ಒಂದೊಂದು ಸಲ ಆ ಸಾಲಿನಲ್ಲಿ ಅಪ್ಪಯ್ಯ ಕೂತ ಹಾಗೆ ಕಾಣುತ್ತಿತ್ತು. ಫೋನು ಬಂದ ಮೇಲೆ ಅವರ ಕೆಲಸ ಸೊರಗಿತು. ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು, ಹಳೆಯ ಮನಿಯಾರ್ಡರ್ 2015ರಲ್ಲಿ ಮುಗಿಯಿತು.

ಅಪ್ಪಯ್ಯನ ಹೊಟ್ಟೆ ಮೇಲೆ ಬಿದ್ದ ಏಟು ಏನೆಂಬುದು ನನಗೆ ಪೂರ್ತಿ ಅರ್ಥವಾದದ್ದು ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಳಕೆಯ ಬಗ್ಗೆ ಒಪ್ಪಂದವಾಗಿತ್ತು. 1984ರಲ್ಲಿ ಡಾ. ರಂಗರಾಜನ್ ಸಮಿತಿಯ ವರದಿ ಬಂತು. ಕೆಲಸ ಹೋಗುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಮುಂಬಯಿಯಲ್ಲಿ 1986ರಲ್ಲಿ ಚೆಕ್ಕುಗಳನ್ನು ಯಂತ್ರವೇ ಓದಿ ವಿಂಗಡಿಸುವ ಪದ್ಧತಿ ಶುರುವಾಯಿತು. ದಶಕದ ಕೊನೆಗೆ ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಮಷೀನು ಬಂತು. ಟೈಪಿಂಗ್ ಬಲ್ಲವನು ಎಂದು ಮೊದಲು ಅದರ ಮುಂದೆ ಕೂರಿಸಿದ್ದು ನನ್ನನ್ನು. ಕಪ್ಪು ಪರದೆ, ಹಸಿರು ಅಕ್ಷರ, ಕೆಳಗೆ ನೋಡಿದರೆ ಅದೇ ‘ಎ ಎಸ್ ಡಿ ಎಫ್’. ಹೊಸ ಊರಲ್ಲಿ ಹಳೆ ನೆಂಟ ಸಿಕ್ಕಷ್ಟು ಸಂತೋಷವಾಯಿತು.

ನಮ್ಮ ಹೆಡ್ ಕ್ಲರ್ಕು ಒಬ್ಬರು ಮರಾಠಿಯವರು, ಐವತ್ತು ದಾಟಿದವರು. ಅವರು ಲೆಡ್ಜರ್ ಬರೆದರೆ ಮುತ್ತು ಪೋಣಿಸಿದ ಹಾಗೆ. ಹೊಸಬರಿಗೆ ಅವರ ಲೆಡ್ಜರನ್ನೇ ಮಾದರಿ ಎಂದು ತೋರಿಸುತ್ತಿದ್ದರು. ಮಷೀನು ಬಂದ ಮೂರನೆಯ ದಿನ ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಅವರು ನನ್ನ ಬಳಿ ಬಂದು ಮೆಲ್ಲಗೆ, ಈ ವಯಸ್ಸಲ್ಲಿ ನನಗೆ ಬರುತ್ತದಾ ಎಂದು ಕೇಳಿದರು. ನನ್ನ ಸೆವೆನ್ನು ಹುಡುಕಲು ಮೂರು ರಾತ್ರಿ ನಿದ್ದೆಗೆಟ್ಟವರಲ್ಲಿ ಅವರೂ ಒಬ್ಬರು. ಆರು ತಿಂಗಳು ಊಟದ ಹೊತ್ತಿನಲ್ಲಿ ಕಲಿಸಿದೆ. ಕಲಿತರು, ಎರಡು ಬೆರಳಿನಲ್ಲಿ. ಹತ್ತು ಬೆರಳಿಗೆ ಕೊನೆಗೂ ಬರಲಿಲ್ಲ. ನಿವೃತ್ತಿಯ ದಿನ ತಮ್ಮ ಹಳೆಯ ಲೆಡ್ಜರೊಂದನ್ನು ತರಿಸಿಕೊಂಡು ಪುಟ ತಿರುವಿ ನೋಡಿ ಹಿಂದಕ್ಕೆ ಕೊಟ್ಟರು. 2000–01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ದೇಶದಲ್ಲಿ ಸುಮಾರು ಒಂದು ಲಕ್ಷ ಬ್ಯಾಂಕ್ ನೌಕರರು ಹೊರಟುಹೋದರು. ಅವರಲ್ಲಿ ಇಂಥ ಅಕ್ಷರದವರು ಎಷ್ಟು ಜನ ಇದ್ದರೋ.

ಅಪ್ಪಯ್ಯ 1999ರಲ್ಲಿ ತೀರಿಕೊಂಡರು. ಅದಾಗಿ ಎರಡು ಮೂರು ವರ್ಷಗಳಲ್ಲೇ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ತೋಟದ ಪಹಣಿ ತರಲು ನಾನು ಸಾಗರದ ತಾಲೂಕು ಕಚೇರಿಗೆ ಹೋದಾಗ ಕಿಟಕಿಯಲ್ಲಿ ದುಡ್ಡು ಕೊಟ್ಟ ಕೂಡಲೇ ಅಚ್ಚಾಗಿ ಬಂತು. ಲಂಚವಿಲ್ಲ, ನಾಳೆ ಬಾ ಎನ್ನುವುದಿಲ್ಲ, ಓದಲು ತೊಡಕಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ. ಆ ಹಾಳೆಯಲ್ಲಿ ನನ್ನ ಕಣ್ಣು ಹಿಡಿದದ್ದು ಇನ್ನೊಂದು ಸಂಗತಿ, ಕಂಪ್ಯೂಟರಿನಲ್ಲಿ ಕನ್ನಡ. ನಾನು ಹದಿನೈದು ವರ್ಷ ಕಂಪ್ಯೂಟರ್ ಮುಂದೆ ಕೂತವನು, ನನ್ನ ಭಾಷೆ ಅದರೊಳಗೆ ಇರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಇಲ್ಲೊಂದು ವಿಚಾರ ಹೇಳಬೇಕು. ನನ್ನ ಬದುಕಿನ ಎರಡೂ ಕೀಲಿಮಣೆಗಳಿಗೆ ಮುಂಬಯಿಯ ನಂಟಿದೆ. ದೇಶದಲ್ಲೇ ತಯಾರಾದ ಮೊದಲ ಟೈಪ್‌ರೈಟರನ್ನು 1955ರಲ್ಲಿ ಮಾಡಿದ್ದು ಇಲ್ಲಿಯ ಗೋದ್ರೆಜ್ ಕಂಪನಿ. ಡೊಂಬಿವಲಿಯಿಂದ ವೀ.ಟಿ.ಗೆ ಹೋಗುವಾಗ ದಿನವೂ ದಾಟುತ್ತಿದ್ದ ವಿಕ್ರೋಲಿಯಲ್ಲೇ ಆ ಕಂಪನಿಯ ಕಾರ್ಖಾನೆಗಳ ಸಾಮ್ರಾಜ್ಯ. 2009ರಲ್ಲಿ ಅವರು ಟೈಪ್‌ರೈಟರ್ ತಯಾರಿಸುವುದನ್ನು ನಿಲ್ಲಿಸಿದರು. ಇನ್ನು ಎರಡನೆಯದು ಕೆ.ಪಿ. ರಾಯರ ಕನ್ನಡ ಕೀಲಿಮಣೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಪದ್ಮನಾಭ ರಾಯರು ಕೆಲಸ ಮಾಡಿದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಟಾಟಾ ಪ್ರೆಸ್ಸಿನಲ್ಲಿ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಅವರೊಬ್ಬರು. ಮುಂದೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ಹಂಚಿದರು. ಅವರ ಕೀಲಿಮಣೆಯ ವಿನ್ಯಾಸವನ್ನೇ ಕರ್ನಾಟಕ ಸರಕಾರ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಅದೇ ಬಂತು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ವೂ ಬಂದಿತ್ತು.

ನನಗೆ ‘ನುಡಿ’ ಸಿಕ್ಕಿದ್ದು 2004ರಲ್ಲಿ. ಡೊಂಬಿವಲಿಯ ಕನ್ನಡದ ಹುಡುಗನೊಬ್ಬ ಮನೆಗೆ ಬಂದು ಹಾಕಿಕೊಟ್ಟ. ರಾಯರ ಕೀಲಿಮಣೆಯ ಜಾಣತನ ಏನೆಂದರೆ ಅದು ಅಕ್ಷರದ ಆಕಾರವನ್ನು ಹಿಡಿಯುವುದಿಲ್ಲ, ಉಚ್ಚಾರವನ್ನು ಹಿಡಿಯುತ್ತದೆ. ಹಳೆಯ ಮಷೀನಿನ ಹಾಗೆ ತುಂಡು ಜೋಡಿಸುವ ಗೋಜಿಲ್ಲ. ‘ಕೆ’ ಒತ್ತಿದರೆ ಕ, ‘ಎನ್’ ಒತ್ತಿದರೆ ನ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೊಂಡಿ. ‘ಕೆ, ಎನ್, ಎಫ್, ಎನ್, ಡಬ್ಲ್ಯೂ’, ಐದು ಸಲ ಬೆರಳು ಬಿದ್ದರೆ ‘ಕನ್ನಡ’. ಟೈಪಿಂಗ್ ಪರೀಕ್ಷೆಯ ಲೆಕ್ಕದಲ್ಲಿ ಸರಿಯಾಗಿ ಒಂದು ಪದ! ನಾನು ಮೊದಲ ದಿನ ಆ ಪದವನ್ನೇ ಒಂದು ಪುಟ ಹೊಡೆದೆ, ‘ಎ ಎಸ್ ಡಿ ಎಫ್’ ಹೊಡೆದ ಹಾಗೆ. ತಿಂಗಳೊಳಗೆ ಯೋಚನೆಯ ವೇಗಕ್ಕೆ ಬೆರಳು ಬರತೊಡಗಿತು. ಇಪ್ಪತ್ತು ವರ್ಷ ಕೈಯಲ್ಲಿ ತೊದಲುತ್ತಿದ್ದ ಕನ್ನಡ ಮತ್ತೆ ಮಾತಾಡಿತು. ಅಪ್ಪಯ್ಯ ಹೋಗಿ ಐದು ವರ್ಷವಾಗಿತ್ತು.

ಅಮ್ಮ ಇದ್ದಳು. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ದೊಡ್ಡ ಅಕ್ಷರದಲ್ಲಿ ನಾಲ್ಕು ಪುಟ ಅಚ್ಚು ಹ��ಕಿ ಅಂಚೆಗೆ ಹಾಕಿದೆ. ವಾರದ ಮೇಲೆ ಫೋನಿನಲ್ಲಿ, ‘ಯಾರ ಹತ್ರಾನೂ ಓದಿಸ್ಲಿಲ್ಲ ನೋಡು. ನಾನೇ ಓದ್ದೆ’ ಅಂದಳು. ಸ್ವಲ್ಪ ತಡೆದು, ‘ಕೆಳಗೆ ಒಂದು ಸಹಿಯಾದ್ರೂ ಕೈಯಲ್ಲಿ ಹಾಕೋ. ಇಲ್ದಿದ್ರೆ ಸೊಸೈಟಿಯಿಂದ ನೋಟೀಸು ಬಂದಂಗಾಗ್ತದೆ’ ಅಂದಳು. 2011ರಲ್ಲಿ ಅವಳು ಹೋಗುವವರೆಗೂ ತಿಂಗಳಿಗೊಂದು ಕಾಗದ, ಕೆಳಗೆ ನನ್ನ ಕಾಗೆ ಕಾಲಿನ ಸಹಿ ಹೋಗುತ್ತಿತ್ತು.

ಬ್ಯಾಂಕಿನವನಾಗಿ ನನಗೆ ಅಮ್ಮನ ಮಾತು ಅರ್ಥವಾಗುತ್ತದೆ. ಚೆಕ್ಕಿನಲ್ಲಿ ಉಳಿದದ್ದನ್ನೆಲ್ಲ ಯಾರು ಬರೆದರೂ, ಟೈಪು ಮಾಡಿದರೂ ನಡೆಯುತ್ತದೆ. ಸಹಿ ಮಾತ್ರ ಖಾತೆದಾರನ ಕೈಯದೇ ಆಗಬೇಕು. ಅದನ್ನು ಮಾದರಿ ಸಹಿಯ ಕಾರ್ಡಿನ ಜೊತೆ ತಾಳೆ ನೋಡಿಯೇ ನಾವು ದುಡ್ಡು ಕೊಡುತ್ತಿದ್ದೆವು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಡಿಜಿಟಲ್ ಸಹಿಗೂ ಮಾನ್ಯತೆ ಕೊಟ್ಟಿದೆ, ಸರಿ. ಆದರೂ ಮನುಷ್ಯ ತಾನೇ ಬಂದು ನಿಂತಿದ್ದಾನೆ ಎಂದು ಒಪ್ಪಿಸಲು ಕೈಯ ಗೆರೆಗೆ ಸಮನಾದದ್ದು ಟೈಪಿನಲ್ಲಿಲ್ಲ. ಇದನ್ನು ಕೀಲಿಮಣೆಯ ಪಕ್ಷದವನಾದ ನಾನೇ ಒಪ್ಪಿಕೊಳ್ಳುತ್ತೇನೆ.

ಆದರೆ ಕೈಬರಹ ಹೋದರೆ ಭಾಷೆಯೇ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಾಗೆ ಹೇಳುವವರ ಅಕ್ಷರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕ್ಲಾಸಿನಲ್ಲಿ ನಗೆಪಾಟಲಾದವರ ಕಷ್ಟ ಅವರಿಗೆ ತಿಳಿಯದು. ಊರು ಬಿಟ್ಟವನಿಗೆ ಭಾಷೆ ಎರಡು ಸಲ ದೂರವಾಗುತ್ತದೆ, ಮೊದಲು ಕಿವಿಯಿಂದ, ಆಮೇಲೆ ಕೈಯಿಂದ. ಕಿವಿಗೆ ನಾವು ಸಂಘ ಕಟ್ಟಿಕೊಂಡೆವು, ನಾಟಕ ಆಡಿಸಿದೆವು. ನನ್ನ ಕೈಗೆ ಕನ್ನಡವನ್ನು ಮರಳಿ ಕೊಟ್ಟದ್ದು ಕೀಲಿಮಣೆ.

ಈಗ ಬಾಕಿಯ ವಿಷಯ. ಅಪ್ಪಯ್ಯ ನನಗೆ ಬರೆದ 63 ಕಾಗದಗಳು ನನ್ನ ಬಳಿ ಇವೆ. ಪುಣೆಯಲ್ಲಿರುವ ಮಗಳು ಕಳೆದ ದೀಪಾವಳಿಗೆ ಬಂದಾಗ ಅವುಗಳನ್ನು ತೆಗೆದು ನೋಡಿದಳು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಅಚ್ಚಿನ ಕನ್ನಡವನ್ನು ನಿಧಾನವಾಗಿ ಓದುತ್ತಾಳೆ. ಅಜ್ಜಯ್ಯನ ಶಾನುಭೋಗಿಕೆಯ ಕೂಡಕ್ಷರ ಅವಳಿಗೆ ಒಂದೂ ಹತ್ತಲಿಲ್ಲ. ‘ಅಪ್ಪ, ಚಿತ್ರದ ಹಾಗೆ ಚೆಂದ ಇದೆ. ಆದ್ರೆ ಏನು ಬರ್ದಿದಾರೆ?’ ಎಂದು ಕೇಳಿದಳು. ಇಡೀ ತಾಲೂಕು ಹೊಗಳಿದ ಅಕ್ಷರ ಮೊಮ್ಮಗಳ ಪಾಲಿಗೆ ನನ್ನ ಕಾಗೆ ಕಾಲಿನಷ್ಟೇ ಆಗಿತ್ತು.

ಅವತ್ತಿನಿಂದ ದಿನಕ್ಕೆ ಒಂದಿಷ್ಟು ಆ ಕಾಗದಗಳನ್ನು ಟೈಪು ಮಾಡುತ್ತಿದ್ದೇನೆ. 41 ಮುಗಿದಿವೆ. ಮುಗಿದದ್ದನ್ನು ಮಗಳಿಗೆ ಕಳಿಸುತ್ತೇನೆ, ಅವಳು ಓದಿ ಫೋನು ಮಾಡುತ್ತಾಳೆ. ಒಂದು ಕಾಗದದಲ್ಲಿ ಮಡಿಕೆಯ ಮೇಲೆ ಶಾಯಿ ಹರಡಿ ಒಂದು ಪದ ಓದಲಾಗಲಿಲ್ಲ. ಊಹಿಸಿ ತುಂಬಿಸಬಹುದಿತ್ತು. ಆದರೆ ಪತ್ರ ಬರೆಯುವವನು ತನ್ನ ಮಾತು ಸೇರಿಸಬಾರದು ಎಂದು ಅಪ್ಪಯ್ಯನೇ ಹೇಳುತ್ತಿದ್ದರು. ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಪ್ರತಿ ಕಾಗದದ ಕೊನೆಗೆ ‘ಬಿಕ್ಕಲಂ’ ಎಂದು ಹೊಡೆದು ಅದರ ಮುಂದೆ ಅಪ್ಪಯ್ಯನ ಹೆಸರು ಹಾಕುತ್ತೇನೆ. ಅದರ ಕೆಳಗೆ, ಟೈಪು ಮಾಡಿದವನು ಎಂದು ನನ್ನದು.